ಎಕ್ಸ್‌ಟರ್ನಲ್ ಎಸ್‌ಎಸ್‌ಡಿ: 40 ಗಿಗಾಬಿಟ್ ಎನ್‌ಕ್ಲೋಸರ್ ಬೇಕಾ, 10 ಸಾಕಾ? (ಮ್ಯಾಕ್ ಮಿನಿ ಎಂ2, ಯಕ್ಷಗಾನ ವಿಡಿಯೋ ಎಡಿಟಿಂಗ್)

ಇಕ್ಕೇರಿ ಕ್ಯಾಮೆರಾ

ಎಲ್ರಿಗೂ ನಮಸ್ಕಾರ. ಸಾಗರದ ಕಡೆ ಮದುವೆ, ಉಪನಯನ, ಯಕ್ಷಗಾನ ಶೂಟ್ ಮಾಡೋದು ನನ್ನ ಕಸುಬು. ಎಡಿಟಿಂಗಿಗೆ ಮ್ಯಾಕ್ ಮಿನಿ ಎಂ2 ಇದೆ, ಒಳಗೆ 256 ಜಿಬಿ ಅಷ್ಟೇ. ಸಿಸ್ಟಮ್ಮು, ಸಾಫ್ಟ್‌ವೇರು, ಕ್ಯಾಶ್ ಫೈಲು ಎಲ್ಲ ಕೂತ ಮೇಲೆ ಉಳಿಯೋ ಜಾಗ ಒಂದು ಮುಂಜಿಗೂ ಸಾಲಲ್ಲ. 2 ಟಿಬಿ ಎಸ್‌ಎಸ್‌ಡಿ ಹೊರಗಿಂದ ಹಾಕ್ಕೊಂಡು ಅದರ ಮೇಲೇ ನೇರ ಎಡಿಟ್ ಮಾಡೋಣ ಅಂತಿದ್ದೀನಿ.

ಎರಡು ಕ್ಯಾಮೆರಾ, ಎರಡರಲ್ಲೂ 4ಕೆ, 100 ಮೆಗಾಬಿಟ್. ರಾತ್ರಿ ಪೂರ್ತಿ ಯಕ್ಷಗಾನದ ಆಟ ಇದ್ರೆ ಬೆಳಗಿನ ಜಾವಕ್ಕೆ ಏಳುನೂರು ಜಿಬಿ ದಾಟಿರುತ್ತೆ. ಅಂಗಡೀಲಿ ಒಂದು ರೆಡಿಮೇಡ್ ಪೋರ್ಟಬಲ್ ಡ್ರೈವ್ ತೋರಿಸಿ "ಸೆಕೆಂಡಿಗೆ 2000 ಎಂಬಿ" ಅಂದ್ರು. ಗೆಳೆಯ ಒಬ್ಬ ಅದೆಲ್ಲ ಬೇಡ, 40 ಗಿಗಾಬಿಟ್ ಎನ್‌ಕ್ಲೋಸರ್ (ಖಾಲಿ ಡಬ್ಬ) ತಗೊಂಡು ಒಳಗೆ ಎನ್‌ವಿಎಂಇ (ಪಟ್ಟಿ ಥರದ ವೇಗದ ಎಸ್‌ಎಸ್‌ಡಿ) ಹಾಕು ಅಂತಾನೆ. ಎರಡಕ್ಕೂ ರೇಟು ನೋಡಿದ್ರೆ ತಲೆ ತಿರುಗುತ್ತೆ. ತಿಳಿದವರು ಹೇಳಿ.

ದುರ್ಗಿಗುಡಿ ರಿಪೇರಿ

ಮೊದಲು ಆ 2000ದ ಡ್ರೈವ್ ಪಟ್ಟಿಯಿಂದ ತೆಗೀರಿ. ಅದು ಕೆಟ್ಟ ಮಾಲು ಅಂತಲ್ಲ, ನಿಮ್ಮ ಮ್ಯಾಕ್‌ಗೆ ಅಲ್ಲ. ಪ್ಯಾಕಿನ ಹಿಂದೆ ಸಣ್ಣ ಅಕ್ಷರದಲ್ಲಿ ಯುಎಸ್‌ಬಿ 3.2 ಜೆನ್ 2 ಬೈ 2 ಅಂತ ಇರುತ್ತೆ, ಅಂದ್ರೆ 20 ಗಿಗಾಬಿಟ್. ಎಂ1, ಎಂ2 ಮ್ಯಾಕ್‌ಗಳಲ್ಲಿ ಆ ಮೋಡೇ ಇಲ್ಲ. ಚುಚ್ಚಿದ ಕೂಡಲೇ 10ಕ್ಕೆ ಇಳಿದು ಸಾವಿರದ ಆಸುಪಾಸು ಕೊಡುತ್ತೆ. ಸ್ಯಾಮ್ಸಂಗ್ ಟಿ9 ಈ ಜಾತಿಯದ್ದು, ಟಿ7 10 ಗಿಗಾಬಿಟ್‌ದು. ನಿಮ್ಮ ಮಿನಿಯಲ್ಲಿ ಎರಡೂ ಒಂದೇ ಥರ ಓಡ್ತಾವೆ, ದುಡ್ಡು ಮಾತ್ರ ಬೇರೆ.

ನಮ್ಮ ಕೌಂಟರಿಗೆ ಬರೋ ದೂರಲ್ಲಿ ಅರ್ಧ ಇದೇ ಕಥೆ. ಡಿಸ್ಕ್ ಚೆನ್ನಾಗಿರುತ್ತೆ, ಪೋರ್ಟು ಅಥವಾ ಕೇಬಲ್ಲು ಸಣ್ಣದು. ಮೇಲಿಂದ ಪೋರ್ಟಿನ ಹೆಸರುಗಳದ್ದು ಬೇರೆ ಗೋಜಲು: 3.0, 3.1 ಜೆನ್ 1, 3.2 ಜೆನ್ 1 ಮೂರೂ ಒಂದೇ ಸಾಮಾನು, 5 ಗಿಗಾಬಿಟ್. 2022ರಲ್ಲಿ ಯುಎಸ್‌ಬಿ ಸಂಘದವರೇ ಸಾಕಾಗಿ, ಇನ್ನು ಪ್ಯಾಕಿನ ಮೇಲೆ ವೇಗದ ಅಂಕಿಯನ್ನೇ ಹಾಕಿ ಅಂದ್ರು. ಹಾಕೋರು ಹಾಕ್ತಾರೆ, ಉಳಿದವರು ಇನ್ನೂ ಜೆನ್ ಜಪ ಮಾಡ್ತಾನೇ ಇದ್ದಾರೆ.

ಕೈಗೆ ನಿಜವಾಗಿ ಸಿಗೋದು ಇಷ್ಟು. 5 ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 450 ಎಂಬಿ ಹತ್ರ, 10ರಲ್ಲಿ 1000 ಹತ್ರ, 40 ಗಿಗಾಬಿಟ್‌ನವುಗಳ ಪೈಕಿ ಥಂಡರ್‌ಬೋಲ್ಟ್ 3ರ ಡಬ್ಬಗಳಲ್ಲಿ 2800ರವರೆಗೆ, ಹೊಸ ಯುಎಸ್‌ಬಿ4 ಡಬ್ಬಗಳಲ್ಲಿ 3000 ದಾಟುತ್ತೆ. ನಿಮ್ಮ ಮಿನಿಯ ಹಿಂದೆ ಟೈಪ್ ಸಿ ಥರ ಇರೋ ಎರಡು ಥಂಡರ್‌ಬೋಲ್ಟ್ 4 ಪೋರ್ಟಿಗೆ ಹಾಕಿದ್ರೆ ಮಾತ್ರ ಈ ಮೇಲಿನ ಲೆಕ್ಕ. ಪಕ್ಕದ ಚಪ್ಪಟೆ ಯುಎಸ್‌ಬಿ ಎ ತೂತು ಎರಡೂ 5 ಗಿಗಾಬಿಟ್.

ಗಾಜನೂರು ಗೇಮರ್

ಅಣ್ಣ ಯೋಚನೆನೇ ಬೇಡ, 40 ತಗೊಳ್ಳಿ. ಎಂ2 ಮಿನಿಯ 256 ಜಿಬಿ ಮಾಡೆಲ್‌ನಲ್ಲಿ ಒಳಗಿನ ಡಿಸ್ಕೇ 1500 ಸುತ್ತ ಓಡೋದು, ಒಂದೇ ನ್ಯಾಂಡ್ (ಮಾಹಿತಿ ಉಳಿಸೋ) ಚಿಪ್ ಹಾಕಿದ್ದಾರೆ. ಯುಎಸ್‌ಬಿ4 ಡಬ್ಬದಲ್ಲಿ ಒಳ್ಳೆ ಎನ್‌ವಿಎಂಇ ಹಾಕಿದ್ರೆ ಹೊರಗಿನದ್ದು ಒಳಗಿನದ್ದಕ್ಕಿಂತ ಎರಡು ಪಟ್ಟು. ನಾಳೆ ಕಂಪ್ಯೂಟರ್ ಬದಲಿಸಿದ್ರೂ ಡಬ್ಬ ಹಾಗೇ ಬರುತ್ತೆ. ಡಿಸ್ಕಿಗೂ ಕೇಬಲ್ಲಿಗೂ ಮಧ್ಯೆ ಎಎಸ್‌ಎಂ 2464ಪಿಡಿ ಚಿಪ್ ಇರೋದು ನೋಡಿ ತಗೊಳ್ಳಿ, ಅದು ಥಂಡರ್‌ಬೋಲ್ಟಿಗೂ ಹೋಗುತ್ತೆ, ಮಾಮೂಲಿ ಯುಎಸ್‌ಬಿಗೂ ಇಳಿಯುತ್ತೆ.

ಸಿಗಂದೂರು ಲಾಂಚ್

(ಲಾಂಚ್ ಬದಲು ಸೇತುವೆ ಆಗಿದೆ ಗೊತ್ತು, ನನ್ನ ಹೆಸರು ಬದಲಿಸಲ್ಲ.)

ಗಾಜನೂರಿನ ತಮ್ಮ ಹೇಳಿದ್ದು ಅಂಕಿ ಲೆಕ್ಕದಲ್ಲಿ ಸರಿ. ಆದ್ರೆ ಇವರ ಕೆಲಸಕ್ಕೆ ಅದು ಬೇಕಾ ಅನ್ನೋದನ್ನ ಕೇಳ್ಲೇ ಇಲ್ಲ. ಒಂದು ನಿಮಿಷ ಕೂಡಿಸಿ ಕಳೀರಿ.

100 ಮೆಗಾಬಿಟ್ ಅಂದ್ರೆ ಸೆಕೆಂಡಿಗೆ ಹನ್ನೆರಡೂವರೆ ಎಂಬಿ. ಎರಡು ಕ್ಯಾಮೆರಾ ಒಟ್ಟಿಗೆ ಟೈಮ್‌ಲೈನ್‌ನಲ್ಲಿ ಓಡಿಸಿದ್ರೂ 25 ಎಂಬಿ. ಡಿಸ್ಕ್ ಸಾವಿರ ಕೊಡುತ್ತೆ. ಉಳಿದ 975 ಎಂತಕ್ಕೆ? ಹಳೇ ಹಾರ್ಡ್ ಡಿಸ್ಕ್ ಮೇಲೆ ಎಡಿಟ್ ಮಾಡುವಾಗ ಎಳೆದಾಟ ಆಗೋದು ಎಂಬಿ ಸಾಲದೆ ಅಲ್ಲ. ಕರ್ಸರ್ ಅತ್ತಿತ್ತ ಎಳೆದಾಗ ಅದರ ಸೂಜಿ ಪ್ರತಿ ಸಲ ಬೇರೆ ಜಾಗ ಹುಡುಕ್ಕೊಂಡು ಹೋಗಬೇಕು, ಅದಕ್ಕೆ. ಆ ತೊಂದರೆ ಯಾವ ಎಸ್‌ಎಸ್‌ಡಿಯಲ್ಲೂ ಇಲ್ಲ, 5 ಗಿಗಾಬಿಟ್‌ದ್ದರಲ್ಲೂ ಇಲ್ಲ.

ಇನ್ನು ಕಾಪಿ ಮಾಡೋದು. ಗಂಟೆಗೆ 45 ಜಿಬಿ, ಎಂಟು ಗಂಟೆ, ಎರಡು ಕ್ಯಾಮೆರಾ: 720 ಜಿಬಿ. ಇದು ಬರೋದು ಎಸ್‌ಡಿ ಕಾರ್ಡಿಂದ. ಯುಎಚ್‌ಎಸ್ 1 (ಕಾರ್ಡಿನ ವೇಗದ ದರ್ಜೆ) ಕಾರ್ಡಿನ ಮಿತಿಯೇ ಸೆಕೆಂಡಿಗೆ 104 ಎಂಬಿ, ಕೈಗೆ 90 ಸಿಕ್ಕರೆ ಪುಣ್ಯ. ಅಂದ್ರೆ ಎರಡು ಗಂಟೆ ಮೇಲೆ. ಈಚೆ ಕಡೆ 40 ಗಿಗಾಬಿಟ್ ಡಬ್ಬ ಇಟ್ಟರೂ ಅಷ್ಟೇ, 5ರದ್ದು ಇಟ್ಟರೂ ಅಷ್ಟೇ. ನಿಮ್ಮ ಕ್ಯಾಮೆರಾ ಯುಎಚ್‌ಎಸ್ 2 ಒಪ್ಪುತ್ತೆ ಅಂತಾದ್ರೆ ಆ ಕಾರ್ಡು, ಅದಕ್ಕೆ ತಕ್ಕ ರೀಡರ್ ತಗೊಳ್ಳಿ. ಅದರ ಮಿತಿ 312. ಆಟ ಮುಗಿಸಿ ನಿದ್ದೆಗೆಟ್ಟು ಬಂದಾಗ ಉಳಿಯೋ ಒಂದು ಗಂಟೆ ಅಲ್ಲಿ ಸಿಗುತ್ತೆ, ಡಬ್ಬದಲ್ಲಿ ಅಲ್ಲ.

ಇಕ್ಕೇರಿ ಕ್ಯಾಮೆರಾ

ಕಾರ್ಡಿನ ಮಾತು ಹೊಳೆದೇ ಇರಲಿಲ್ಲ ಮಾರಾಯ್ರೆ, ಎಲ್ಲ ಯುಎಚ್‌ಎಸ್ 1ಏ ಇರೋದು.

ಒಂದು ಅನುಮಾನ. ನಾನು ಕಲರ್ ಮಾಡೋಕೆ ಮುಂಚೆ ಪ್ರೋರೆಸ್‌ಗೆ (ಕಮ್ಮಿ ಒತ್ತಿದ, ದೊಡ್ಡ ಫೈಲಿನ ಎಡಿಟಿಂಗ್ ಫಾರ್ಮ್ಯಾಟ್) ಬದಲಿಸ್ತೀನಿ. ಚೌಕಿ (ಬಣ್ಣದ ಮನೆ) ಕಡೆ ಕತ್ತಲು, ರಂಗಸ್ಥಳದ ಮೇಲೆ ಕಣ್ಣು ಕುಕ್ಕೋ ಲೈಟು, ವೇಷದ ಕೆಂಪು ಎಲ್ಲ ಬೆಂಕಿ ಹಾಗೆ ಹೊಡೆಯುತ್ತೆ. ಅದನ್ನ ಹದಕ್ಕೆ ತರೋಕೆ ಪ್ರೋರೆಸ್ಸೇ ವಾಸಿ. ಆಗ 10 ಸಾಕಾಗುತ್ತಾ?

ಸಿಗಂದೂರು ಲಾಂಚ್

ಪ್ರೋರೆಸ್ 422 ಎಚ್‌ಕ್ಯು, 4ಕೆ, 25 ಫ್ರೇಮ್ ಅಂದ್ರೆ 737 ಮೆಗಾಬಿಟ್. ಸೆಕೆಂಡಿಗೆ 92 ಎಂಬಿ. ಎರಡು ಟ್ರ್ಯಾಕಿಗೆ 184. ಇನ್ನೂ ಸಾವಿರದ ಕಾಲು ಭಾಗಕ್ಕೂ ಬರಲಿಲ್ಲ. ವೇಗಕ್ಕಿಂತ ಮೊದಲು ನಿಮಗೆ ಜಾಗ ಮುಗಿಯುತ್ತೆ: ಗಂಟೆಗೆ 330 ಜಿಬಿ ಮೇಲೆ, ಇಡೀ ರಾತ್ರಿಯ ಆಟ ಎರಡು ಕ್ಯಾಮೆರಾದ್ದು ಬದಲಿಸಿದ್ರೆ 5 ಟಿಬಿ ದಾಟುತ್ತೆ. ಎಡಿಟ್ ಎಲ್ಲ 1080ರ ಪ್ರೋರೆಸ್ ಪ್ರಾಕ್ಸಿಯಲ್ಲಿ (ಎಡಿಟಿಗೆ ಮಾತ್ರ ಬಳಸೋ ಚಿಕ್ಕ ಪ್ರತಿ) ಮಾಡಿ, ಅದು 38 ಮೆಗಾಬಿಟ್, ಗಂಟೆಗೆ 17 ಜಿಬಿ. ಕಲರಿಗೆ ಬೇಕಾದ ತುಣುಕು ಮಾತ್ರ ದೊಡ್ಡದಕ್ಕೆ ಬದಲಿಸಿ.

ನಾನಾಗಿದ್ರೆ 10 ಗಿಗಾಬಿಟ್ ಡಬ್ಬ ತಗೊಂಡು, ಉಳಿದ ದುಡ್ಡಿಗೆ ಇನ್ನೊಂದು ಡಿಸ್ಕ್ ತಗೊಳ್ತಿದ್ದೆ. ಮದುವೆ ಮನೆಯವರ ಫುಟೇಜ್ ಒಂದೇ ಕಡೆ ಇಟ್ಕೊಂಡು ಹ್ಯಾಗೆ ನಿದ್ದೆ ಮಾಡ್ತೀರಿ?

ಗಾಜನೂರು ಗೇಮರ್

ಸರಿ ಅಣ್ಣ, ಅವರ ಫುಟೇಜ್‌ಗೆ 10 ಸಾಕು ಅಂತ ಒಪ್ಪಿದೆ. ಆದ್ರೂ 40ರ ಪರ ಒಂದು ಮಾತು ಉಳಿದಿದೆ, ವೇಗದ್ದಲ್ಲ. ಥಂಡರ್‌ಬೋಲ್ಟ್ ದಾರಿಯಲ್ಲಿ ಹೋದ್ರೆ ಮ್ಯಾಕ್‌ಗೆ ಅದು ನೇರ ಎನ್‌ವಿಎಂಇ ಡಿಸ್ಕ್ ಆಗಿಯೇ ಕಾಣುತ್ತೆ. ಟ್ರಿಮ್ (ಅಳಿಸಿದ ಜಾಗ ಯಾವುದು ಅಂತ ಡಿಸ್ಕಿಗೆ ತಿಳಿಸೋದು) ಕೆಲಸ ಮಾಡುತ್ತೆ, ಡಿಸ್ಕಿನ ಸ್ಮಾರ್ಟ್ (ಆರೋಗ್ಯದ) ವರದಿ ಓದಬಹುದು. ಯುಎಸ್‌ಬಿ ಮೂಲಕ ಹಾಕಿದ್ದಕ್ಕೆ ಡಿಸ್ಕ್ ಯುಟಿಲಿಟಿಯಲ್ಲಿ ಸ್ಮಾರ್ಟ್ ಸಪೋರ್ಟ್ ಇಲ್ಲ ಅಂತ ಬರುತ್ತೆ. ಡಿಸ್ಕ್ ಸಾಯೋ ಮುಂಚೆ ಸೂಚನೆ ಕೊಟ್ರೂ ನಿಮಗೆ ಕಾಣಲ್ಲ.

ಇನ್ನೊಂದು: ಈಗ ಅಗ್ಗಕ್ಕೆ ಸಿಗೋ ಎನ್‌ವಿಎಂಇಗಳಲ್ಲಿ ಸ್ವಂತ ಡಿರ್ಯಾಮ್ (ಯಾವುದು ಎಲ್ಲಿದೆ ಅಂತ ಲೆಕ್ಕ ಇಡೋ ವೇಗದ ಮೆಮೊರಿ) ಇರಲ್ಲ, ಕಂಪ್ಯೂಟರಿನ ರ್ಯಾಮಲ್ಲೇ ಸ್ವಲ್ಪ ಜಾಗ ಸಾಲ ತಗೊಳ್ತಾವೆ. ಯುಎಸ್‌ಬಿ ಡಬ್ಬದೊಳಗೆ ಕೂತ್ರೆ ಆ ಸಾಲ ಹುಟ್ಟಲ್ಲ, ಮಧ್ಯದ ಚಿಪ್ಪು ದಾಟಿ ಕಂಪ್ಯೂಟರಿನ ರ್ಯಾಮ್ ಮುಟ್ಟೋಕಾಗಲ್ಲ.

ದುರ್ಗಿಗುಡಿ ರಿಪೇರಿ

ಇದು ಒಳ್ಳೆ ಪಾಯಿಂಟು. ಸಣ್ಣ ಸಣ್ಣ ಫೈಲು ಸಾವಿರಾರು ಇದ್ರೆ ಡಿರ್ಯಾಮ್ ಇಲ್ಲದ್ದು ಯುಎಸ್‌ಬಿಯಲ್ಲಿ ಏದುಸಿರು ಬಿಡುತ್ತೆ. ದೊಡ್ಡ ವಿಡಿಯೋ ಫೈಲಿಗೆ ಅಷ್ಟು ಗೊತ್ತಾಗಲ್ಲ. ಇಕ್ಕೇರಿಯವರ ಕೆಲಸಕ್ಕೆ ಡಿರ್ಯಾಮ್‌ಗಿಂತ ಟಿಎಲ್‌ಸಿಯಾ ಕ್ಯೂಎಲ್‌ಸಿಯಾ ಅನ್ನೋದು ಮುಖ್ಯ.

ಹೊಸನಗರ ಜಡಿಮಳೆ

ಆ ಟಿಎಲ್‌ಸಿ ಕ್ಯೂಎಲ್‌ಸಿ ಅಂದ್ರೆ ಎಂತದು? ನಂದು ಒಂದಿದೆ, ಮೊದಲಿಗೆ ರಾಕೆಟ್ ಹಂಗೆ ಹೋಗುತ್ತೆ. ಸ್ವಲ್ಪ ಹೊತ್ತಾದ್ಮೇಲೆ ನೂರು ನೂರಿಪ್ಪತ್ತಕ್ಕೆ ಬಂದು ಕೂರುತ್ತೆ.

ದುರ್ಗಿಗುಡಿ ರಿಪೇರಿ

ಅದೇ. ಒಂದು ಕೋಶದಲ್ಲಿ ಮೂರು ಬಿಟ್ ತುಂಬಿದ್ರೆ ಟಿಎಲ್‌ಸಿ, ನಾಲ್ಕು ತುಂಬಿದ್ರೆ ಕ್ಯೂಎಲ್‌ಸಿ. ಹೆಚ್ಚು ತುಂಬಿದಷ್ಟೂ ಬರೆಯೋದು ನಿಧಾನ, ಬೆಲೆ ಕಮ್ಮಿ. ಆ ನಿಧಾನ ಕಾಣದೇ ಇರಲಿ ಅಂತ ಖಾಲಿ ಜಾಗದಲ್ಲಿ ಒಂದಿಷ್ಟನ್ನ ಕೋಶಕ್ಕೆ ಒಂದೇ ಬಿಟ್ ಲೆಕ್ಕದಲ್ಲಿ ಬಳಸ್ತಾರೆ. ಅಡಿಕೆ ಕೊನೆ ಕೊಯ್ಲಿನ ಟೈಮಲ್ಲಿ ಅಂಗಳಕ್ಕೆ ತಂದು ಸುರಿಯೋದು ಎಷ್ಟೊತ್ತು? ಸುಲಿಯೋರು ಮಾತ್ರ ಅವರ ಗತಿಯಲ್ಲೇ ಸುಲೀತಾರೆ. ಅಂಗಳ ತುಂಬಿತು ಅಂದ್ರೆ ಮುಂದಿನ ಲೋಡು ಗೇಟಿನ ಹೊರಗೆ ಕಾಯಬೇಕು. ನಿಮ್ಮ ಡಿಸ್ಕಲ್ಲಿ ಆಗ್ತಿರೋದು ಅದೇ. ಡಿಸ್ಕ್ ಮುಕ್ಕಾಲು ತುಂಬಿದ್ರೆ ಅಂಗಳವೂ ಚಿಕ್ಕದಾಗಿರುತ್ತೆ, ಇನ್ನೂ ಬೇಗ ಕಾಯೋ ಹಾಗಾಗುತ್ತೆ.

ಕ್ರೂಷಲ್ ಪಿ3, ಪಿ3 ಪ್ಲಸ್ ಎರಡೂ ಕ್ಯೂಎಲ್‌ಸಿ. ಡಬ್ಲ್ಯುಡಿ ಎಸ್‌ಎನ್770 ಟಿಎಲ್‌ಸಿ, ಡಿರ್ಯಾಮ್ ಇಲ್ಲ. ಸ್ಯಾಮ್ಸಂಗ್ 970 ಇವೊ ಪ್ಲಸ್ ಟಿಎಲ್‌ಸಿ, ಡಿರ್ಯಾಮೂ ಇದೆ. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಹೆಸರು ಒಂದೇ ಇದ್ದು ಒಳಗಿನ ಚಿಪ್ಪು ಲಾಟಿನಿಂದ ಲಾಟಿಗೆ ಬದಲಾಗುತ್ತೆ, ಅಂಥದ್ದು ಕೆಲಸದ ಡಿಸ್ಕಿಗೆ ಬೇಡ.

ಸಿಗಂದೂರು ಲಾಂಚ್

ಇಲ್ಲೂ ಕಾರ್ಡಿನ ಲೆಕ್ಕ ಮರೀಬೇಡಿ. ಕಾರ್ಡಿಂದ 90ರಲ್ಲಿ ಬರ್ತಿದ್ರೆ ಕ್ಯೂಎಲ್‌ಸಿಗೂ ಉಸಿರಾಡೋಕೆ ಟೈಮ್ ಸಿಗುತ್ತೆ. ಅದು ಕೈ ಕೊಡೋದು ಒಂದು ಎಸ್‌ಎಸ್‌ಡಿಯಿಂದ ಇನ್ನೊಂದಕ್ಕೆ ಒಟ್ಟಿಗೆ ಅರ್ಧ ಟಿಬಿ ಸುರಿದಾಗ, ಇಲ್ಲಾ ಡಿಸ್ಕ್ ತುಂಬಿ ತುಳುಕ್ತಿರುವಾಗ ಪ್ರೋರೆಸ್ ರೆಂಡರ್ ಬರೆದಾಗ. ಎರಡನೇ ಪ್ರತಿ ಇಡೋಕೆ ಕ್ಯೂಎಲ್‌ಸಿ ತಪ್ಪಿಲ್ಲ. ಎಡಿಟಿಂಗ್ ಡಿಸ್ಕಿಗೆ ಟಿಎಲ್‌ಸಿ.

ಇಕ್ಕೇರಿ ಕ್ಯಾಮೆರಾ

10ರ ಡಬ್ಬ ಅಂತ ಮನಸ್ಸು ಬಂತು. ಆನ್‌ಲೈನ್‌ನಲ್ಲಿ ನೋಡಿದ್ರೆ ನೂರೆಂಟು ಇದಾವೆ, ಎಲ್ಲ ಒಂದೇ ಥರ ಬೂದು ಬಣ್ಣದ ಅಲ್ಯೂಮಿನಿಯಂ. ಯಾವುದು ಅಂತ ಹೇಗೆ ಆರಿಸೋದು?

ದುರ್ಗಿಗುಡಿ ರಿಪೇರಿ

ಮೈ ಬಣ್ಣ ನೋಡಬೇಡಿ, ಒಳಗಿನ ಚಿಪ್ ಕೇಳಿ. 10 ಗಿಗಾಬಿಟ್‌ನಲ್ಲಿ ಸಾಮಾನ್ಯವಾಗಿ ಸಿಗೋದು ಮೂರು: ರಿಯಲ್‌ಟೆಕ್ ಆರ್‌ಟಿಎಲ್ 9210, ಜೆಮೈಕ್ರಾನ್ ಜೆಎಂಎಸ್ 583, ಎಎಸ್‌ಮೀಡಿಯಾ ಎಎಸ್‌ಎಂ 2362. ರಿಯಲ್‌ಟೆಕ್‌ದ್ದರಲ್ಲಿ ಕೊನೆಗೆ ಬಿ ಇದ್ರೆ (9210ಬಿ) ಎನ್‌ವಿಎಂಇ, ಸಾಟಾ (ಹಳೇ, ನಿಧಾನದ ಜಾತಿ) ಎರಡು ಥರದ ಎಂ.2 (ಪಟ್ಟಿ ಆಕಾರದ) ಡಿಸ್ಕನ್ನೂ ತಗೊಳ್ಳುತ್ತೆ. ರಿಪೇರಿ ಮಾಡೋರಿಗೆ ಅದು ಅನುಕೂಲ, ಗಿರಾಕಿ ಯಾವುದು ತಂದ್ರೂ ನಡೆಯುತ್ತೆ. ಉಳಿದ ಎರಡು ಎನ್‌ವಿಎಂಇಗೆ ಮಾತ್ರ. ಹಳೇ ಲ್ಯಾಪ್‌ಟಾಪಿಂದ ಕಳಚಿದ ಎಂ.2 ಸಾಟಾ ತಂದು ಎನ್‌ವಿಎಂಇ ಡಬ್ಬಕ್ಕೆ ಹಾಕಿ "ಡಿಸ್ಕ್ ಹೋಗಿದೆ" ಅಂತ ಬರೋರು ಇದ್ದಾರೆ. ಡಿಸ್ಕಿನ ಚಿನ್ನದ ಹಲ್ಲಿನ ಸಾಲು ನೋಡಿ: ಎರಡು ಕಡೆ ಕಚ್ಚು ಇದ್ರೆ ಬಹುಪಾಲು ಸಾಟಾ. ಒಂದೇ ಕಚ್ಚಿದ್ರೆ ಬಹುಪಾಲು ಎನ್‌ವಿಎಂಇ, ಆದ್ರೂ ಲೇಬಲ್ ಓದಿಯೇ ಖಾತ್ರಿ ಮಾಡ್ಕೊಳ್ಳಿ.

ಆಮೇಲೆ ಶಾಖ. ಎನ್‌ವಿಎಂಇ ಬಿಸಿಯಾಗುತ್ತೆ, ಮಧ್ಯದ ಚಿಪ್ಪೂ ಬಿಸಿಯಾಗುತ್ತೆ. ಬಿಸಿ ಮಿತಿ ಮುಟ್ಟಿದ್ರೆ ಡಿಸ್ಕ್ ತಾನೇ ವೇಗ ಇಳಿಸ್ಕೊಳ್ಳುತ್ತೆ. ಡಬ್ಬದ ಜೊತೆ ಒಂದು ಮೆತ್ತನೆ ಥರ್ಮಲ್ ಪ್ಯಾಡ್ ಕೊಟ್ಟಿರ್ತಾರೆ, ನೀಲಿ ಇಲ್ಲಾ ಬೂದು, ಮುಟ್ಟಿದ್ರೆ ಒದ್ದೆ ರಬ್ಬರ್ ಥರ. ಅದರ ಎರಡೂ ಮೈಗೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಅಂಟಿರುತ್ತೆ. ಒಂದು ಕಡೆದ್ದು ಕೀಳ್ತಾರೆ, ಇನ್ನೊಂದು ಕಣ್ಣಿಗೇ ಕಾಣಲ್ಲ, ಹಾಗೇ ಮುಚ್ಚಿಬಿಡ್ತಾರೆ. ಉಗುರಲ್ಲಿ ಮೂಲೆ ಕೆರೆದು ನೋಡಿ, ಎದ್ದು ಬರುತ್ತೆ. ಮುಚ್ಚಳ ಹಾಕಿ ಮತ್ತೆ ಒಂದ್ಸಲ ತೆಗೀರಿ. ಪ್ಯಾಡಿನ ಮೇಲೆ ಮುಚ್ಚಳದ ಗೆರೆಗಳು ಅಚ್ಚೊತ್ತಿರಬೇಕು. ಇಲ್ಲಾಂದ್ರೆ ಪ್ಯಾಡ್ ತೆಳು, ಮಧ್ಯೆ ಗಾಳಿ ಕೂತಿದೆ, ಅಲ್ಯೂಮಿನಿಯಂ ಮೈ ಇದ್ದೂ ಪ್ರಯೋಜನ ಇಲ್ಲ. ದಪ್ಪದ ಪ್ಯಾಡ್ ಬೇರೆ ಸಿಗುತ್ತೆ, ಅದನ್ನ ಹಾಕಿ. ಕೆಲಸ ಮಾಡುವಾಗ ಡಬ್ಬದ ಮೈ ಬಿಸಿಯಾದ್ರೆ ಗಾಬರಿ ಬೇಡ, ಶಾಖ ಹೊರಗೆ ಬರ್ತಾ ಇದೆ ಅಂತ. ಒಂದು ಗಂಟೆ ಬರೆದ ಮೇಲೂ ಮೈ ತಣ್ಣಗಿದ್ರೆ ಅನುಮಾನ ಪಡಿ.

ಫ್ಯಾನ್ ಇರೋ ಡಬ್ಬ ಬೇಡ. ಸಣ್ಣ ಫ್ಯಾನು, ಕೀರಲು ಸದ್ದು, ಭಾಗವತರ ಪದ ಮಿಕ್ಸ್ ಮಾಡುವಾಗ ಕಿವಿಗೆ ಚುಚ್ಚುತ್ತೆ.

ಕೊಪ್ಪ ಕೈಮರ

ಕೇಬಲ್ ಬಗ್ಗೆ ಯಾರೂ ಹೇಳ್ಲಿಲ್ಲ. ಮೊಬೈಲ್ ಚಾರ್ಜರ್ ಜೊತೆ ಬರೋ ಸಿ ಕೇಬಲ್ ಹೆಚ್ಚಿನವು ಯುಎಸ್‌ಬಿ 2, ಅಂದ್ರೆ 480 ಮೆಗಾಬಿಟ್. ತುದಿ ನೋಡಿದ್ರೆ ಎರಡೂ ಒಂದೇ. ಡಬ್ಬದ ಜೊತೆ ಬಂದ ಗಿಡ್ಡ ಕೇಬಲ್ಲಿಗೆ ಒಂದು ಬಣ್ಣದ ಟೇಪ್ ಸುತ್ತಿ ಇಡಿ, ಮನೆಯಲ್ಲಿ ಯಾರೋ ಫೋನ್ ಚಾರ್ಜಿಗೆ ತಗೊಂಡು ಹೋಗಿ ನಿಮಗೆ ಬೇರೆದು ಸಿಕ್ಕರೆ 40 ಎಂಬಿಗೆ ಬಂದು ನಿಲ್ಲುತ್ತೆ. ಮ್ಯಾಕ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆಗೆದು ಯುಎಸ್‌ಬಿ ಪಟ್ಟಿ ನೋಡಿದ್ರೆ ಎಷ್ಟು ಗಿಗಾಬಿಟ್‌ಗೆ ಜೋಡಣೆ ಆಗಿದೆ ಅಂತ ಬರೆದಿರುತ್ತೆ. ಬೆಂಚ್‌ಮಾರ್ಕ್ ಹಾಕೋ ಮುಂಚೆ ಅದನ್ನ ನೋಡೋದು ಒಳ್ಳೇದು.

ಹಬ್ ಮೂಲಕನೂ ಹಾಕಬೇಡಿ. ಸ್ವಂತ ಅಡಾಪ್ಟರ್ ಇಲ್ಲದ ಅಗ್ಗದ ಹಬ್‌ಗೆ ಡಿಸ್ಕ್, ಕಾರ್ಡ್ ರೀಡರ್, ಕೀಬೋರ್ಡು ಎಲ್ಲ ಸಿಕ್ಕಿಸಿದ್ರೆ ದೊಡ್ಡ ಕಾಪಿ ಮಧ್ಯದಲ್ಲಿ ಕರೆಂಟ್ ಸಾಲದೆ ಡಿಸ್ಕ್ ಕಳಚ್ಕೊಳ್ಳುತ್ತೆ.

ಮೇಷ್ಟ್ರು ತೀರ್ಥಹಳ್ಳಿ

ತಮ್ಮಂದಿರಾ, ಮಧ್ಯೆ ಬಾಯಿ ಹಾಕ್ತಿದ್ದೇನೆ. ನಾನು ನಿವೃತ್ತ. ಮನೆಯ ಹಳೇ ಕಾಗದ ಪತ್ರ, ಅಜ್ಜನ ಕಾಲದ ಕಡತ, ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದ್ದೇನೆ. ಸುಮಾರು ಅರ್ಧ ಟಿಬಿ. ಒಂದು ಎಸ್‌ಎಸ್‌ಡಿಗೆ ಹಾಕಿ ಬೀರುವಿನಲ್ಲಿ ಇಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದು ಮಗ ಹೇಳುತ್ತಾನೆ. ಸರಿಯೇ?

ದುರ್ಗಿಗುಡಿ ರಿಪೇರಿ

ಬೇಡಿ ಮೇಷ್ಟ್ರೆ. ಎಸ್‌ಎಸ್‌ಡಿ ಕೆಲಸ ಮಾಡೋಕೆ, ಕಟ್ಟಿಡೋಕೆ ಅಲ್ಲ. ಅದರೊಳಗೆ ಅಕ್ಷರ ನಿಂತಿರೋದು ಕೋಶದಲ್ಲಿ ಹಿಡಿದಿಟ್ಟ ವಿದ್ಯುತ್ ಕಣಗಳ ಮೇಲೆ. ಕರೆಂಟ್ ಕೊಡದೆ ಇಟ್ಟರೆ ಅದು ನಿಧಾನವಾಗಿ ಸೋರುತ್ತೆ. ಜೆಡೆಕ್ ಅನ್ನೋ ಮಾನದಂಡದ ಸಂಸ್ಥೆ ಮನೆ ಬಳಕೆಯ ಎಸ್‌ಎಸ್‌ಡಿಗೆ ಇಟ್ಟಿರೋ ಷರತ್ತು ಇದು: ಬರೆಯೋ ಆಯುಸ್ಸು ಪೂರ್ತಿ ಮುಗಿದ ಡಿಸ್ಕ್ ಕೂಡ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರೆಂಟ್ ಇಲ್ಲದೆ ಒಂದು ವರ್ಷ ಮಾಹಿತಿ ಉಳಿಸ್ಕೊಬೇಕು. ಹೊಸ ಡಿಸ್ಕ್ ಅದಕ್ಕಿಂತ ಎಷ್ಟೋ ಹೆಚ್ಚು ತಡೆಯುತ್ತೆ, ಹೆದರೋದು ಬೇಡ. ಆದ್ರೆ ಮೊಮ್ಮಕ್ಕಳ ಕಾಲದ ಮಾತು ಬೇರೆ.

ನಿಮಗೆ ಬೇಕಾಗಿರೋದು ಮಾಮೂಲಿ ಪೋರ್ಟಬಲ್ ಹಾರ್ಡ್ ಡಿಸ್ಕ್, ಬೇರೆ ಬೇರೆ ಕಂಪನಿಯ ಎರಡು. ಸೆಕೆಂಡಿಗೆ ನೂರು ಚಿಲ್ಲರೆ ಎಂಬಿ ಬರುತ್ತೆ, ಅರ್ಧ ಟಿಬಿಗೆ ಒಂದೂವರೆ ಗಂಟೆ ಹಿಡಿದೀತು, ನಿಮಗೇನು ಅವಸರ? ಒಂದು ನಿಮ್ಮಲ್ಲಿ, ಇನ್ನೊಂದು ಮಗನ ಮನೆಯಲ್ಲಿ. ದೀಪಾವಳಿಗೋ ಯುಗಾದಿಗೋ ಒಂದ್ಸಲ ಚುಚ್ಚಿ ತೆರೆದು ನೋಡಿ.

ಹೊಸನಗರ ಜಡಿಮಳೆ

ಬೀರು ಅಂದ್ರಲ್ಲ, ನಮ್ಮ ಕಡೆ ಆಷಾಢದಲ್ಲಿ ಬೀರು ಒಳಗಿನ ಬಟ್ಟೆಗೇ ಬೂಷ್ಟು ಬರುತ್ತೆ. ಡಿಸ್ಕಿಗೆ ಎಂತ ಮಾಡೂದು?

ಕೊಪ್ಪ ಕೈಮರ

ದಿನಾ ಬಳಸೋ ಡಿಸ್ಕಿಗೆ ಏನೂ ಆಗಲ್ಲ, ಅದರ ಬಿಸಿಯೇ ಅದನ್ನ ಒಣಗಿಸಿಡುತ್ತೆ. ಎತ್ತಿಡೋದಕ್ಕೆ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗೋ ಜಾತಿಯದ್ದು ತಗೊಳ್ಳಿ, ಒದ್ದೆಯಾಗಿದ್ದು ಕಣ್ಣಿಗೆ ಕಾಣುತ್ತೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಅದು ವಿಷ. ಒಣಗಿಸ್ತೀನಿ ಅಂತ ಅಡುಗೆ ಬಾಣಲೆಗೆ ಹಾಕಿ ಹುರೀಬೇಡಿ. ಕಿತ್ತಳೆ ಬಣ್ಣದ್ದು ವಾಸಿ, ಆದ್ರೂ ಅದಕ್ಕೂ ಬೇರೆ ಪಾತ್ರೆ ಇಡಿ.

ಎಸಿ ರೂಮಿನ ಸ್ಟುಡಿಯೋ ಇದ್ದೋರು ಇನ್ನೊಂದು ನೋಡ್ಕೊಬೇಕು. ತಣ್ಣಗಿದ್ದ ಲೋಹದ ಡಬ್ಬ ಮಳೆಗಾಲದ ಗಾಳಿಗೆ ಹೊರಗೆ ಬಂದ ಕೂಡಲೇ ಮೈಮೇಲೆ ನೀರು ಕೂರುತ್ತೆ, ಪೋರ್ಟಿನ ಒಳಗೂ. ಚೀಲದಲ್ಲೇ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಚುಚ್ಚಿ. ಆಗುಂಬೆ, ಹುಲಿಕಲ್ ಕಡೆ ಶೂಟ್ ಇದ್ರೆ ಬಿಚ್ಚಿ ಹಾಕೋ ಡಬ್ಬಕ್ಕಿಂತ ರಬ್ಬರ್ ಮೈಯ ರೆಡಿಮೇಡ್ ಡ್ರೈವೇ ಒಳ್ಳೇದು. ಟಿ7 ಶೀಲ್ಡ್‌ಗೆ ಐಪಿ65 ಇದೆ, ಧೂಳು, ನೀರಿನ ಎರಚಲು ತಡೆಯುತ್ತೆ. ಮುಳುಗಿಸೋಕೆ ಅಲ್ಲ.

ಇಕ್ಕೇರಿ ಕ್ಯಾಮೆರಾ

ನಮಗೆ ಮಳೆಗಿಂತ ಕರೆಂಟಿನದ್ದೇ ಭಯ. ಗುಡುಗು ಶುರುವಾದ್ರೆ ಎಷ್ಟೊತ್ತಿಗೆ ಹೋಗುತ್ತೋ ಎಷ್ಟೊತ್ತಿಗೆ ಬರುತ್ತೋ. ಮಿನಿಗೆ ಬ್ಯಾಟರಿ ಇಲ್ಲ. ಎಡಿಟ್ ಮಧ್ಯೆ ಹೋದ್ರೆ ಡಿಸ್ಕ್ ಗತಿ?

ಸಿಗಂದೂರು ಲಾಂಚ್

ಅಲ್ಲಿ ಫಾರ್ಮ್ಯಾಟ್ ಕೆಲಸಕ್ಕೆ ಬರುತ್ತೆ. ರೆಡಿಮೇಡ್ ಡ್ರೈವ್ ಹೆಚ್ಚಿನವು ಎಕ್ಸ್‌ಫ್ಯಾಟ್‌ನಲ್ಲಿ ಬರ್ತಾವೆ, ವಿಂಡೋಸ್ ಮ್ಯಾಕ್ ಎರಡಕ್ಕೂ ಆಗಲಿ ಅಂತ. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಮಾಡ್ತಿರೋ ಬದಲಾವಣೆಯ ದಾಖಲೆ) ಇಲ್ಲ. ಬರೀತಿರುವಾಗ ಕರೆಂಟ್ ಹೋದ್ರೆ ಇಡೀ ಫೋಲ್ಡರ್ ಪಟ್ಟಿಯೇ ಹಾಳಾಗಬಹುದು. ಮ್ಯಾಕ್‌ನ ಸ್ವಂತ ಫಾರ್ಮ್ಯಾಟ್ ಎಪಿಎಫ್‌ಎಸ್ ಹಳೇ ದಾಖಲೆ ಅಳಿಸದೆ ಹೊಸದನ್ನ ಬೇರೆ ಕಡೆ ಬರೆದು, ಮುಗಿದ ಮೇಲಷ್ಟೇ ಬದಲಿಸುತ್ತೆ. ಕೊನೇ ಫೈಲು ಹೋದೀತು, ಡಿಸ್ಕ್ ಉಳಿಯುತ್ತೆ. ಎಡಿಟಿಂಗ್ ಡಿಸ್ಕ್ ಎಪಿಎಫ್‌ಎಸ್ ಮಾಡಿ. ಗಿರಾಕಿಗೆ ಕೊಡೋ ಪೆನ್‌ಡ್ರೈವ್ ಮಾತ್ರ ಎಕ್ಸ್‌ಫ್ಯಾಟ್ ಇರಲಿ. ಫ್ಯಾಟ್32 ಮಾಡಿದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ, ಮದುವೆ ವಿಡಿಯೋ ಅರ್ಧಕ್ಕೇ ನಿಲ್ಲುತ್ತೆ.

ಮಿನಿಗೆ ಒಂದು ಸಣ್ಣ ಯುಪಿಎಸ್ ಹಾಕಿ, ಅದಕ್ಕೆ ಬೇಕಾಗೋ ವಿದ್ಯುತ್ ಕಮ್ಮಿ. 40ರ ಡಬ್ಬದ ದುಡ್ಡಲ್ಲಿ 10ರ ಡಬ್ಬ, ಯುಪಿಎಸ್ ಎರಡೂ ಬರುತ್ತೆ.

ದುರ್ಗಿಗುಡಿ ರಿಪೇರಿ

ಮತ್ತೆ ಬ್ಯಾಕಪ್ ಡಿಸ್ಕ್ ಕಾಪಿ ಮುಗಿದ ಮೇಲೆ ಕಿತ್ತಿಡಿ. ಸಿಡಿಲು ಹೊಡೆದ ಮನೆಯಿಂದ ಬರೋ ಕಂಪ್ಯೂಟರ್‌ಗಳಲ್ಲಿ ಯುಎಸ್‌ಬಿಗೆ ಸಿಕ್ಕಿಸಿದ್ದೂ ಜೊತೆಗೇ ಹೋಗಿರುತ್ತೆ. ಪ್ಲಗ್ ಕೀಳೋರು ಇಂಟರ್‌ನೆಟ್ ವಯರ್ ಕೀಳೋದು ಮರೀತಾರೆ, ಸಿಡಿಲು ಆ ದಾರಿಯಲ್ಲೂ ಬರುತ್ತೆ.

ಗಾಜನೂರು ಗೇಮರ್

ನನ್ನ ಕ್ಲಾಸಿನ ಹುಡುಗ ಆನ್‌ಲೈನಲ್ಲಿ "16 ಟಿಬಿ ಎಸ್‌ಎಸ್‌ಡಿ" ಎರಡು ಸಾವಿರದ ಒಳಗೆ ತರಿಸಿದ್ದ. ಬಿಚ್ಚಿದ್ರೆ ಒಳಗೆ ಒಂದು ಮೆಮೊರಿ ಕಾರ್ಡು, ಅದನ್ನ ಗೋಂದಲ್ಲಿ ಅಂಟಿಸಿದ್ದಾರೆ! ವಿಂಡೋಸಲ್ಲಿ ಮಾತ್ರ 16 ಟಿಬಿ ಅಂತಲೇ ತೋರಿಸ್ತಿತ್ತು. ಅದರ ಮೇಲೆ ಕಾಪಿ ಮಾಡಿದ್ದು ಮೊದಲ ಕೆಲವು ಜಿಬಿ ಸರಿ, ಆಮೇಲಿನದ್ದೆಲ್ಲ ತೆರೆಯೋಲ್ಲ. ಯಾರಿಗಾದ್ರೂ ಅಂಥದ್ದು ಬಂದ್ರೆ ವಿಂಡೋಸಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಮ್ಯಾಕ್, ಲಿನಕ್ಸಲ್ಲಿ ಎಫ್3 ಓಡಿಸಿ. ಡಿಸ್ಕ್ ಪೂರ್ತಿ ಬರೆದು ವಾಪಸ್ ಓದಿ ನೋಡುತ್ತೆ. ಖಾಲಿ ಡಿಸ್ಕ್ ಮೇಲೇ ಮಾಡಿ.

ಇಕ್ಕೇರಿ ಕ್ಯಾಮೆರಾ

ಹಂಗಾರೆ ಪಟ್ಟಿ ಇದು: 9210 ಚಿಪ್ಪಿನ 10 ಗಿಗಾಬಿಟ್ ಡಬ್ಬ, 2 ಟಿಬಿ ಟಿಎಲ್‌ಸಿ, ಒಂದು ದೊಡ್ಡ ಹಾರ್ಡ್ ಡಿಸ್ಕ್ ಎರಡನೇ ಪ್ರತಿಗೆ, ಸಣ್ಣ ಯುಪಿಎಸ್. ಕಾರ್ಡು ನೋಡ್ಬೇಕು, ಒಂದು ಕ್ಯಾಮೆರಾ ಮಾತ್ರ ಯುಎಚ್‌ಎಸ್ 2 ಒಪ್ಪುತ್ತೆ. ಒಂದೇ ಪ್ರಶ್ನೆ ಉಳೀತು, ಈಗಲೇ ತಗೊಳ್ಳಲಾ, ಬೆಲೆ ಇಳಿಯೋವರೆಗೆ ಕಾಯಲಾ? ಹೋದ ಸಲ ಕೇಳಿದ್ದಕ್ಕೂ ಈಗಿನದ್ದಕ್ಕೂ ಬಹಳ ವ್ಯತ್ಯಾಸ ಇದೆ.

ಸಿಗಂದೂರು ಲಾಂಚ್

2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದೆ. ಎಐ ಡೇಟಾ ಸೆಂಟರ್‌ನವರು ಸಗಟಲ್ಲಿ ಎತ್ತುತಾ ಇದ್ದಾರೆ, ನಮ್ಮಂಥವರಿಗೆ ಉಳಿದದ್ದು. ಡಬ್ಬದ ಬೆಲೆ ಅಷ್ಟು ಅಲುಗಿಲ್ಲ, ಏರಿರೋದು ಡಿಸ್ಕ್. ಮೇಳದ ತಿರುಗಾಟ ಶುರುವಾದ ಮೇಲೆ ನಿಮಗೆ ಹೇಗೂ ಬೇಕೇ ಬೇಕು. 2 ಟಿಬಿಗೆ ಕೈ ಸಾಲದಿದ್ರೆ 1 ಟಿಬಿ ಟಿಎಲ್‌ಸಿ ಹಾಕ್ಕೊಳ್ಳಿ. ಒಂದು ಆಟ, ಅದರ ಪ್ರಾಕ್ಸಿ ಅದರಲ್ಲಿ ಹಿಡಿಯುತ್ತೆ: 720 ಮತ್ತು 274, ಆಯ್ತು 994. ಮ್ಯಾಕ್‌ನಲ್ಲಿ 1 ಟಿಬಿ ಅಂದ್ರೆ ಸಾವಿರ ಜಿಬಿ.

ದುರ್ಗಿಗುಡಿ ರಿಪೇರಿ

ಬೇಡಿ, 1 ಟಿಬಿಯಲ್ಲಿ 994 ತುಂಬಿದ್ರೆ ಅಂಗಳ ಎಲ್ಲಿ ಉಳೀತು? ಪ್ರಾಕ್ಸಿಯನ್ನ ಹಾರ್ಡ್ ಡಿಸ್ಕಿಗೂ ಹಾಕೋಕಾಗಲ್ಲ, ಮತ್ತದೇ ಎಳೆದಾಟ. 2 ಟಿಬಿನೇ ತಗೊಳ್ಳಿ, ಡಿರ್ಯಾಮ್ ಇಲ್ಲದ ಟಿಎಲ್‌ಸಿ ಆದ್ರೂ ಪರವಾಗಿಲ್ಲ, ಅಲ್ಲಿ ಸ್ವಲ್ಪ ದುಡ್ಡು ಉಳಿಯುತ್ತೆ. ಜಿಎಸ್‌ಟಿ ಬಿಲ್ ಇಸ್ಕೊಳ್ಳಿ, ಬಿಲ್ಲಲ್ಲಿ ಡಿಸ್ಕಿನ ಸೀರಿಯಲ್ ನಂಬರ್ ಬರೆಸಿ. ಡಬ್ಬದಲ್ಲಿ ಕೂರಿಸಿದ ಮೇಲೆ ಲೇಬಲ್ಲಿನ ಮೇಲೆ ಥರ್ಮಲ್ ಪ್ಯಾಡ್ ಅಂಟುತ್ತೆ, ಕೀಳುವಾಗ ಲೇಬಲ್ ಹರಿದು ಬಂದ್ರೆ ವಾರಂಟಿಗೆ ತಕರಾರು ತೆಗೀತಾರೆ. ಹಾಕೋ ಮುಂಚೆ ಮೊಬೈಲಲ್ಲಿ ಲೇಬಲ್ಲಿನ ಫೋಟೋ ತೆಗೆದಿಡಿ.